ಮುಂಗಾಲಿನ ಗಂಟು

"ಅಲುಗಾಡಿಸಬೇಡ," ಎಂದರು ಕುದುರೆ ಡಾಕ್ಟರು, ಗೋಡೆಯಾಚೆಯಿಂದ.

ಲಾಯದ ಆಳು ಇಕ್ಕಳ ಉಸಿರು ಬಿಗಿಹಿಡಿದ. ಎಡಗೈಯಲ್ಲಿ ಬೂದಿ ಎಂಬ ಕುದುರೆಯ ಮುಂಗಾಲು, ಬಲಗೈಯಲ್ಲಿ ಎಕ್ಸ್‌ರೇ ತಗಡು. ಯಂತ್ರ ಗುರ್ ಎಂದಿತು. ಹೆಣ್ಣುಕುದುರೆ ಕಿವಿ ಹಿಂದಕ್ಕೆ ಮಡಚಿತು, ಕಾಲು ಮಾತ್ರ ಕೊಸರಲಿಲ್ಲ.

ಹಿಡಿತದಿಂದಲೇ ಅವನಿಗೆ ಆ ಅಡ್ಡಹೆಸರು ಬಂದದ್ದು. ಎಂಥ ಪುಂಡ ಕುದುರೆಯೂ ಅವನ ಕೈಗೆ ಸಿಕ್ಕರೆ ಕಲ್ಲಾಗಿ ನಿಲ್ಲುತ್ತಿತ್ತು. ಊರಿನ ಯಾವ ಪಂದ್ಯದ ಲಾಯದಲ್ಲಿ ಕುದುರೆ ಕುಂಟಿದರೂ ಡಾಕ್ಟರು ಧಣಿಯನ್ನು ಕೇಳಿ ಅವನನ್ನು ಕೂರಿಸಿಕೊಂಡು ಹೋಗುತ್ತಿದ್ದರು. "ನೀನು ಹಿಡಿದ್ರೆ ಚಿತ್ರ ಮಸುಕಾಗಲ್ಲ ಕಣೋ," ಎನ್ನುತ್ತಿದ್ದರು. ಆ ಮಾತು ಹೇಳಿ ಹೇಳಿ ಹೆಂಡತಿಯ ಕಿವಿ ತೂತು ಮಾಡಿದ್ದ.

ಈ ಸಲ ಬೀಗುವ ಮನಸ್ಸಿರಲಿಲ್ಲ. ಬೂದಿಯ ಮೊಣಕಾಲಿನ ಕೆಳಗೆ, ಒಳಮಗ್ಗುಲಲ್ಲಿ, ನಿಂಬೆಹಣ್ಣಿನಷ್ಟು ಗಂಟು. ಒದೆ ಬಿದ್ದಿರಲಿಲ್ಲ, ಎಲ್ಲೂ ಎಡವಿರಲಿಲ್ಲ. ಮೂಳೆಯೇ ಉಬ್ಬಿ ನಿಂತಂತೆ ಗಟ್ಟಿ. ಖಾರದೆಣ್ಣೆ ತಿಕ್ಕಿದ. ಕರಗಲಿಲ್ಲ.

ಓಡದ ಕುದುರೆಗೆ ಆ ಲಾಯದಲ್ಲಿ ಹುಲ್ಲಿರಲಿಲ್ಲ. ಹಿಂಬಾಗಿಲಿನಿಂದ ಗಾಡಿ ಹತ್ತಿಸುತ್ತಿದ್ದರು. ಎಲ್ಲಿಗೆಂದು ಕೇಳಿದರೆ ಧಣಿ "ತೋಟಕ್ಕೆ" ಎನ್ನುತ್ತಿದ್ದ. ಆ ತೋಟದಿಂದ ಯಾವ ಕುದುರೆಯೂ ತಿರುಗಿ ಬಂದದ್ದಿಲ್ಲ. ಬೂದಿ ತಾಯಿಯ ಹೊಟ್ಟೆಯಿಂದ ಜಾರಿದ್ದು ಇಕ್ಕಳನ ತೊಡೆಯ ಮೇಲೆ. ಒರೆಸಿ, ಎತ್ತಿ, ಮೊದಲು ನಿಲ್ಲಿಸಿದವನು ಅವನೇ.

ಡಾಕ್ಟರು ಕಿರಣ ತಾಗದಂತೆ ತೊಟ್ಟಿದ್ದ ಸೀಸದ ಅಂಗಿ ಕಳಚಿ ಗೂಟಕ್ಕೆ ಹಾಕಿ ಕತ್ತಲಕೋಣೆಗೆ ಹೋದರು. ಹೊರಬಂದು, ಒದ್ದೆ ಚಿತ್ರವನ್ನು ಕಿಟಕಿಗೆ ಹಿಡಿದವರು ಹಾಗೇ ನಿಂತುಬಿಟ್ಟರು.

"ಹೇಗಿದೆ ಸಾರ್?"

ಅವರು ಅವನ ಮುಖ ನೋಡಲಿಲ್ಲ. "ಮಕ್ಕಳೆಷ್ಟು ನಿನಗೆ?"

"ಎರಡು ಸಾರ್. ಇವಳೂ ಸೇರಿದ್ರೆ ಮೂರು."

ಡಾಕ್ಟರು ನಗಲಿಲ್ಲ. ಚಿತ್ರವನ್ನು ಲಕೋಟೆಗೆ ತುರುಕಿ ಧಣಿಯ ಕೋಣೆಗೆ ನಡೆದರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಮನೆಯ ವಿಚಾರ ಕೇಳದವರು. ಬೂದಿಯ ಕಥೆ ಮುಗಿಯಿತೆಂದುಕೊಂಡ ಇಕ್ಕಳ. ಕುದುರೆಯನ್ನು ಅಂಗಳದಲ್ಲಿ ಅಡ್ಡಾಡಿಸುವ ನೆವದಿಂದ ಕಿಟಕಿಯ ಬಳಿಗೆ ಸರಿದ.

"ಮೂಳೆ ಒಳಗಿಂದಲೇ ತಿಂದುಹೋಗಿದೆ," ಡಾಕ್ಟರ ದನಿ.

"ಔಷಧಿ?"

"ಕತ್ತರಿಸಬೇಕು. ಅದೂ ತಡವಾಯ್ತೇನೋ."

"ಛೆ. ಒಳ್ಳೆ ದುಡಿಯೋ ಜೀವ."

"ಇಲ್ಲೇ ಏನಾದ್ರೂ ಆದ್ರೆ ನಮ್ಮಿಬ್ಬರಿಗೂ ಕುತ್ತು. ಕೇಳೋರು ಬರ್ತಾರೆ."

ಧಣಿಯ ಕುರ್ಚಿ ಕಿರುಗುಟ್ಟಿತು. "ತೋಟಕ್ಕೆ ಸಾಗಿಸಿಬಿಡ್ತೀನಿ. ಬೆಳಿಗ್ಗೆ ಗಾಡಿ ಬರಲಿ. ಇಕ್ಕಳನಿಗೆ ಈಗಲೇ ಏನೂ ಹೇಳೋದು ಬೇಡ. ರಂಪ ಮಾಡ್ತಾನೆ."

ಇಕ್ಕಳ ಹಲ್ಲು ಕಡಿದ. ಕೇಳೋರು ಬರ್ತಾರಂತೆ. ಪಂದ್ಯದ ಕುದುರೆ ಸತ್ತರೆ ಊರೇ ಕೇಳುತ್ತದೆ. ಲಾಯದ ಆಳು ಸತ್ತರೆ ಹೆಂಡತಿ ಅಳುತ್ತಾಳೆ, ಅಷ್ಟೆ.

ಸಂಜೆ ಮನೆಯಲ್ಲಿ ತಟ್ಟೆಯ ಮುಂದೆ ಕೂತವನು ಅನ್ನ ಕಲಸಲೇ ಇಲ್ಲ.

"ಏನಂತಾಳೆ ನನ್ನ ಸವತಿ?" ಎಂದು ನಕ್ಕಳು ಹೆಂಡತಿ.

"ನಾಳೆ ಕಳಿಸ್ತಾರೆ."

ಅವಳ ನಗು ನಿಂತಿತು. ತಟ್ಟೆ ತನ್ನತ್ತ ಎಳೆದುಕೊಂಡು ಕಲಸಿ, ತುತ್ತು ಮಾಡಿ ಕೊಟ್ಟಳು. "ಅವಳಿಗೆ ಎಣ್ಣೆ ತಿಕ್ಕಿ ತಿಕ್ಕಿ ಕೈ ನೋಡ್ಕೋ, ಸುಟ್ಟ ಬದನೆಕಾಯಿ. ಇಷ್ಟೆಲ್ಲ ಮಾಡಿ ಏನು ಬಂತು?"

"ಬೆಳಕು ಹರಿಯೋ ಮುಂಚೆ ಹೊಡ್ಕೊಂಡು ಹೋಗ್ತೀನಿ. ನಿನ್ನಣ್ಣನ ಹಟ್ಟಿಗೆ."

"ಕುದುರೆ ಕಳ್ಳ ಅಂತ ಒಳಗೆ ಹಾಕ್ತಾರೆ."

"ಹಾಕ್ಲಿ. ನನ್ನನ್ನ ಹಾಕಿದ್ರೆ ಅನ್ನ ಆದ್ರೂ ಹಾಕ್ತಾರೆ. ಅವಳನ್ನ ಕಡೀತಾರೆ."

ಅವಳು ಮಕ್ಕಳತ್ತ ಒಮ್ಮೆ ನೋಡಿದಳು. ಆಮೇಲೆ ಎದ್ದು, ದಾರಿಗೆಂದು ಬುತ್ತಿ ಕಟ್ಟತೊಡಗಿದಳು.

ನಸುಕಿನಲ್ಲಿ ಬೂದಿಯ ಗೊರಸುಗಳಿಗೆ ಗೋಣಿ ಸುತ್ತಿ ಹೊರಡಿಸಿದ. ಗೇಟು ದಾಟುವಷ್ಟರಲ್ಲಿ ದೀಪಗಳು ಕಣ್ಣಿಗೆ ಹೊಡೆದವು. ಧಣಿಯ ಸಣ್ಣ ಜೀಪು. ಪಕ್ಕದಲ್ಲಿ ಧಣಿ, ಡಾಕ್ಟರು.

"ಎಲ್ಲಿಗೋ ಮೆರವಣಿಗೆ?" ಎಂದ ಧಣಿ.

"ಇವಳನ್ನ ಕೊಡಲ್ಲ ಧಣಿ." ಹಗ್ಗವನ್ನು ಮುಂಗೈಗೆ ಸುತ್ತಿಕೊಂಡ. "ಕಡಿಯೋದಾದ್ರೆ ನನ್ನ ಮೊದಲು ಕಡೀರಿ."

ಧಣಿ ಹುಬ್ಬೇರಿಸಿದ. "ಯಾರು ಹೇಳಿದ್ರು ಇವಳನ್ನ ಕಡೀತೀವಂತ? ಮುಂದಿನ ಪಂದ್ಯಕ್ಕೆ ಓಡಬೇಕು ಇವಳು."

"ಹಾಗಾದ್ರೆ ಗಾಡಿ ಯಾಕೆ? ಕಿಟಕಿ ಹತ್ರ ಎಲ್ಲ ಕೇಳಿಸ್ಕೊಂಡೆ. ಮೂಳೆ ತಿಂದುಹೋಗಿದೆ ಅಂದ್ರಿ."

ಧಣಿ ಡಾಕ್ಟರತ್ತ ನೋಡಿದ. ಡಾಕ್ಟರು ನೆಲ ನೋಡಿದರು.

"ಸುಮ್ನೆ ಲಾಯಕ್ಕೆ ಕಟ್ಟು. ಆಮೇಲೆ ಕೂತು ಮಾತಾಡೋಣ," ಎಂದ ಧಣಿ. ಎಂದೂ ಇಲ್ಲದ ಮೆತ್ತನೆಯ ದನಿ. ಆ ಮೆದುತನವೇ ಇಕ್ಕಳನನ್ನು ಕೆರಳಿಸಿತು.

"ಚಿತ್ರ ತೋರ್ಸಿ. ಹಿಡಿದವನು ನಾನು. ನೋಡೋ ಹಕ್ಕಿಲ್ವಾ ನನಗೆ?"

"ಬೇಡ ಕಣೋ," ಎಂದರು ಡಾಕ್ಟರು.

ಅವರ ಕಂಕುಳಲ್ಲಿದ್ದ ಲಕೋಟೆಯನ್ನು ಕಿತ್ತುಕೊಂಡ. ಚಿತ್ರವನ್ನು ಜೀಪಿನ ದೀಪಕ್ಕೆ ಒಡ್ಡಿದ. ಬೂದಿಯ ಕಾಲು ಬೆಳ್ಳಗೆ, ನೇರವಾಗಿ ನಿಂತಿತ್ತು. ಗಂಟು ಒಂದು ಸುತ್ತು ಹೆಚ್ಚು ಬೆಳೆದ ಗಟ್ಟಿ ಮೂಳೆ, ಅಷ್ಟೆ. ಅಂಚು ಹೊಳಪು ಕೊಟ್ಟಷ್ಟು ನಯ. ಎಲ್ಲೂ ಬಿರುಕಿಲ್ಲ, ತೂತಿಲ್ಲ. ಅವನ ಎದೆಯಿಂದ ಬಂಡೆ ಇಳಿದಂತಾಯಿತು. ಬೂದಿಯ ಕುತ್ತಿಗೆಗೆ ಮುಖ ಒತ್ತಿದ. ಮತ್ತೊಮ್ಮೆ ಕಣ್ತುಂಬ ನೋಡೋಣವೆಂದು ಚಿತ್ರ ಎತ್ತಿದ.

ಆ ಕಾಲನ್ನು ಬಿಗಿಯಾಗಿ ಹಿಡಿದಿದ್ದ ಬೆರಳುಗಳ ಮೂಳೆ, ಗೆದ್ದಲು ತಿಂದ ಕಡ್ಡಿಯ ಹಾಗಿತ್ತು.