ಉಳಿದ ಚೀಟಿ

ನಾಲ್ಕನೇ ಗುಂಪು ಮೋಸ ಮಾಡಿದೆ. ಮೇಷ್ಟ್ರಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ.

ಒಂದು ಕಥೆಯನ್ನು ಏಳು ಚೀಟಿಗಳಾಗಿ ಕತ್ತರಿಸಿ, ಕಲೆಸಿ, ಗುಂಪಿಗೊಂದು ಕಟ್ಟು ಕೊಟ್ಟಿದ್ದರು. ಆರಂಭ ಯಾವುದು, ತೊಡಕು ಎಲ್ಲಿ, ತಿರುವು ಎಲ್ಲಿ ಎಂದು ನಾಲ್ವರೂ ಮಾತಾಡಿಕೊಂಡು ಜೋಡಿಸಬೇಕು. ಒಂದು ಚೀಟಿಯೂ ಉಳಿಯಬಾರದು. ಮೂರು ಗುಂಪುಗಳು ಇನ್ನೂ ಕಿತ್ತಾಡುತ್ತಿದ್ದವು. ನಾಲ್ಕನೆಯದು ಐದೇ ನಿಮಿಷಕ್ಕೆ ಕೈಕಟ್ಟಿ ಕೂತಿತ್ತು.

ಕಥೆ ಮೇಷ್ಟ್ರದ್ದೇ. ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿರುವ ತಾಯಿ ಮಗನ ಅಂಗಿಗೆ ಗುಂಡಿ ಹೊಲಿಯುವ ಕಥೆ. ಅವರಿಗೆ ಹೆಸರು ತಂದದ್ದು ಅದು. ಈ ಲೈಬ್ರರಿಯಲ್ಲಿ ಕಥೆ ಕಲಿಸುವ ಕೆಲಸ ಕೊಡಿಸಿದ್ದೂ ಅದೇ.

"ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹನ್ನೊಂದು ದಿನ ಅಮ್ಮನ ಮಂಚದ ಪಕ್ಕ ಕೂತಿದ್ದವನು ಬರೆದದ್ದು" ಎಂದು ಪ್ರತಿ ತರಗತಿಯಲ್ಲೂ ಹೇಳುತ್ತಿದ್ದರು. ಇವತ್ತೂ ಹೇಳಿದ್ದರು.

ನಾಲ್ಕನೇ ಮೇಜಿನಲ್ಲಿ ಒಬ್ಬ ಡ್ರೈವರ್, ಒಬ್ಬ ಟೈಲರ್, ಕನ್ನಡಕದ ಹುಡುಗಿ. ಜೊತೆಗೆ ನೆಲ ಒರೆಸುವ ಮುದುಕಿ. ಒಂದು ತಲೆ ಕಡಿಮೆ ಬಿತ್ತೆಂದು ಮೇಷ್ಟ್ರೇ ಕರೆದು ಕೂರಿಸಿದ್ದರು. ಅವಳು ಕೆಲಸಕ್ಕೆ ಸೇರಿ ವಾರವಾಗಿತ್ತಷ್ಟೆ. ದನಿ ಎಲ್ಲೋ ಕೇಳಿದ ಹಾಗಿತ್ತು. ಮುಖ ಮಾತ್ರ ಕಂಡದ್ದಲ್ಲ.

"ಇಷ್ಟು ಬೇಗ ಮುಗೀತಾ? ಪುಸ್ತಕ ಮೊದಲೇ ಓದ್ಕೊಂಡು ಬಂದ್ರೇನು?"

"ಬಸ್ಸಿನ ಬೋರ್ಡು ಬಿಟ್ಟು ನಾನು ಬೇರೇನೂ ಓದಿದವನಲ್ಲ ಸಾರ್" ಎಂದ ಡ್ರೈವರ್. "ಎಲ್ಲಾ ಅಜ್ಜಿ ಜೋಡಿಸಿದ್ದು. ನಾವು ಬರೀ ಪ್ರೇಕ್ಷಕರು."

ಮುದುಕಿ ತಲೆ ತಗ್ಗಿಸಿದಳು. ಮುಖದ ತುಂಬ ನಾಚಿಕೆ. ಸಿಕ್ಕಿಬಿದ್ದವರು ಹೀಗೇ, ಅಂದುಕೊಂಡರು ಮೇಷ್ಟ್ರು.

"ಎಲ್ಲಿ ಓದಿದ್ರಿ ಅಮ್ಮ? ನಿಜ ಹೇಳಿ."

"ನಂಗೆ ಓದೋಕೆ ಬರಲ್ಲ ಸಾರ್. ಈ ಕನ್ನಡಕದ ಮಗು ಓದಿ ಹೇಳ್ತು."

ಬೇರೆ ಮೇಜಿನವರೂ ಇತ್ತ ತಿರುಗಿದರು. ಮೇಷ್ಟ್ರು ಬಗ್ಗಿ ಓದಿದರು. ರಸ್ತೆ ಕಾಣಲೆಂದು ತಾಯಿ ಕಿಟಕಿ ಪಕ್ಕದ ಮಂಚ ಕೇಳಿದ್ದು. ದಿಂಬಿನಡಿಯಿಂದ ಅಂಗಿ ತೆಗೆದದ್ದು. ಕೈ ನಡುಗಿದ್ದು. ಗುಂಡಿ ಉರುಳಿಹೋದದ್ದು. ಹೊಲಿದು ಮುಗಿಸಿದ್ದು. ಕಣ್ಣು ಮುಚ್ಚಿದ್ದು. ಒಂದೂ ಹಿಂದುಮುಂದಾಗಿಲ್ಲ. ಆದರೆ ಆರೇ ಚೀಟಿ.

"ಏಳನೆಯದೆಲ್ಲಿ?" ಮೇಷ್ಟ್ರಿಗೆ ಗೆದ್ದ ಹುರುಪು. "ತಿರುವನ್ನೇ ನುಂಗಿಬಿಟ್ಟಿದ್ದೀರಲ್ರೀ!"

"ಸೇರಿಸಿ ಅಂತ ಬಡ್ಕೊಂಡ್ವಿ ಸಾರ್" ಎಂದ ಟೈಲರ್. "ಅಜ್ಜಿ ಸುತರಾಂ ಒಪ್ಪಲಿಲ್ಲ."

ಮುದುಕಿ ಮುಷ್ಟಿ ಬಿಚ್ಚಿದಳು. ಮುದುರಿದ ಚೀಟಿ ಬೆವರಿಗೆ ಒದ್ದೆಯಾಗಿತ್ತು. ಮೇಷ್ಟ್ರು ಅದನ್ನು ಕಸಿದುಕೊಂಡು ಎಲ್ಲರಿಗೂ ಓದಿದರು: "ಪಕ್ಕದಲ್ಲೇ ಕೂತಿದ್ದ ಮಗ ಮಂಚದಡಿ ತೆವಳಿ ಗುಂಡಿ ಹುಡುಕಿ ತಂದ." ಕಥೆಯ ಜೀವವೇ ಆ ಸಾಲು. "ಇದನ್ನ ಯಾಕೆ ಬಚ್ಚಿಟ್ರಿ?"

"ಬೇಡ ಸಾರ್. ಬಿಟ್ಬಿಡಿ." ಅವಳ ಕಣ್ಣು ನೆಲದಲ್ಲಿತ್ತು.

"ಹಾಗೆಲ್ಲ ಬಿಡೋಕಾಗಲ್ಲ. ಗಟ್ಟಿಯಾಗಿ ಹೇಳಿ, ಎಲ್ಲರೂ ಕಲೀಲಿ."

"ಮಂಚದಡಿ ತೆವಳಿದ್ದು ನಾನು ಸಾರ್, ಆ ವಾರ್ಡಿನ ಆಯಾ, ಇದನ್ನೆಲ್ಲ ಹೇಳಿ, ಬನ್ನಿ ಬನ್ನಿ ಅಂತ ಹನ್ನೊಂದು ದಿನವೂ ನಿಮಗೆ ಫೋನ್ ಮಾಡಿದ್ದೂ ನಾನೇ."