ಕಿರೀಟದ ಎತ್ತರ

“ರಾಣಿ ಏನೋ ಅವ್ಳೆ, ಸರಿ. ಇವಳ ರಾಜ ಎಲ್ಲವ್ನಮ್ಮ?” ಎಂದು ದೇವರಾಜು ಮಗಳ ಕೈಯಲ್ಲಿದ್ದ ಬೊಂಬೆಗೆ ಬೆರಳು ಮಾಡಿ ಅಂಗಡಿಯವಳನ್ನು ಕೇಳಿದ.

ಚನ್ನಪಟ್ಟಣದ ಆ ಬೊಂಬೆ ಮನೆಯಲ್ಲಿ ಮುನವ್ವರಾ ಲೇತ್ ಮೆಷಿನ್ ನಿಲ್ಲಿಸಿ, ದುಪಟ್ಟಾದ ತುದಿಯಿಂದ ಮುಖದ ಮೇಲಿನ ಮರದ ಪುಡಿ ಒರೆಸಿಕೊಂಡಳು. ಕೂಟಗಲ್ಲಿನ ದೇವರಾಜುವಿನ ಒಬ್ಬಳೇ ಮಗಳು ನವ್ಯಶ್ರೀಗೆ ಬರುವ ಸೋಮವಾರ ಮದುವೆ. ಹೆಣ್ಣಿಗೆ ರಾಜ-ರಾಣಿಯ ಪಟ್ಟದ ಬೊಂಬೆ ಕೊಟ್ಟು ಕಳಿಸುವುದು ಅವರ ಮನೆಯ ಪದ್ಧತಿ. ಶೆಲ್ಫಿನ ತುಂಬ ಚೆಂದದ ಜೋಡಿಗಳಿದ್ದರೂ ಹುಡುಗಿ ಮೂಲೆಯಲ್ಲಿದ್ದ ಈ ಒಂಟಿ ರಾಣಿಯನ್ನೇ ಎತ್ತಿಕೊಂಡು ನಿಂತುಬಿಟ್ಟಿದ್ದಳು.

“ಅದು ಇಂಗ್ಲೆಂಡಿನ ರಾಣಿ ಅಣ್ಣ, ಎಲಿಜಬೆತ್ ಅಂತ. ಮೊನ್ನೆ ಮೊನ್ನೆ ತೀರ್ಕೊಂಡ್ರಲ್ಲ, ಆ ಅಜ್ಜಿ ಅಲ್ಲ. ನಾನೂರು ವರ್ಷದ ಹಿಂದಿನೋಳು. ಒಬ್ರು ಇಸ್ಕೂಲ್ ಮೇಷ್ಟ್ರು ಮಕ್ಕಳಿಗೆ ಪಾಠಕ್ಕೆ ಅಂತ ಮಾಡಿಸ್ಕೊಂಡು ಹೋದ್ರು, ಒಂದು ಮಿಕ್ಕೈತೆ. ಇವಳಿಗೆ ರಾಜ ಇಲ್ಲ. ಮದ್ವೇನೇ ಆಗ್ಲಿಲ್ವಂತೆ.”

“ಯಾಕೆ, ಗಂಡು ಸಿಕ್ನಿಲ್ವಾ?”

“ಸಿಗದೇನು? ದೇಶದೇಶದ ರಾಜರು ಕ್ಯೂ ನಿಂತಿದ್ರಂತೆ. ಗಂಡ ಅಂತ ಒಬ್ಬ ಬಂದ್ರೆ ಸಿಂಹಾಸನದ ಮೇಲೆ ಅವ್ನೇ ಕೂತ್ಕೋತಾನೆ ಅಂತ ಎಲ್ರನ್ನೂ ವಾಪಸ್ ಕಳಿಸಿದ್ಲಂತೆ. ಅವಳಪ್ಪ ಗಂಡು ಮಗು ಬೇಕು, ಗಂಡು ಮಗು ಬೇಕು ಅಂತ ಮದ್ವೆ ಮೇಲೆ ಮದ್ವೆ ಆದೋನು. ಗಂಡು ಹೆರ್ಲಿಲ್ಲ ಅಂತ ಇವಳ ತಾಯಿ ತಲೇನೇ ತೆಗಿಸ್ಬುಟ್ನಂತೆ. ಕೊನೆಗೆ ನೋಡಿ, ರಾಜ್ಯ ಉಳಿಸಿದ್ದು ಈ ಹೆಣ್ಣೇ!”

ದೇವರಾಜುವಿಗೂ ಗಂಡು ಮಕ್ಕಳಿರಲಿಲ್ಲ. ಮೂರು ಎಕರೆ ಹಿಪ್ಪುನೇರಳೆ ತೋಟ ಎಬ್ಬಿಸಿದವಳು, ರೇಷ್ಮೆ ಹುಳು ಸಾಕಿದವಳು, ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಗಂಡಸರ ನಡುವೆ ನಿಂತು ಬಾಯಿ ಜೋರು ಮಾಡಿ ಗೂಡು ಮಾರಿದವಳು ನವ್ಯಶ್ರೀ. ‘ಗೌಡ್ರು ಬಂದ್ರು, ದಾರಿ ಬುಡ್ರಪ್ಪೋ’ ಎಂದು ಅಲ್ಲಿ ಎಲ್ಲರೂ ಅವಳನ್ನು ರೇಗಿಸುತ್ತಿದ್ದರು. ಅವಳು ಪರರ ಮನೆ ಸೇರಿದರೆ ಆಸ್ತಿ ಹೊರಗೆ ಹೋಗುತ್ತದೆಂದು ಹೆದರಿದ ದೇವರಾಜು, ಅವಳನ್ನು ಸೋದರಮಾವ ಲೋಕೇಶನಿಗೇ ಗಂಟು ಹಾಕಲು ಹೊರಟಿದ್ದ. ಮದುವೆಯಾದ ಕೂಡಲೇ ತೋಟ ಲೋಕೇಶನ ಹೆಸರಿಗೆ ಎಂದು ಮಾತೂ ಆಗಿತ್ತು. ಹುಳು ಕಂಡರೆ ಮೂಗು ಮುಚ್ಚಿಕೊಳ್ಳುವ ಆ ಮಹಾರಾಯ, ಗಿಡಗಳನ್ನೆಲ್ಲ ಕಿತ್ತು ಲೇಔಟ್ ಮಾಡಿಸುತ್ತೇನೆಂದು ಈಗಲೇ ಹೇಳಿಕೊಂಡು ತಿರುಗುತ್ತಿದ್ದ. ತೋಟವನ್ನು ಮಗಳ ಹೆಸರಿಗೇ ಮಾಡಬಹುದಲ್ಲ ಎಂಬುದು ಆ ಮನೆಯಲ್ಲಿ ಹೊಳೆದದ್ದು ನವ್ಯಶ್ರೀ ಒಬ್ಬಳಿಗೆ ಮಾತ್ರ. ಅವಳನ್ನು ಯಾರೂ ಕೇಳಲಿಲ್ಲ.

“ಎಷ್ಟು ವರ್ಷ ಆಳಿದ್ಲಕ್ಕ?” ಎಂದಳು ನವ್ಯಶ್ರೀ.

“ನಲವತ್ನಾಲ್ಕು ಅಂದ್ರು ಮೇಷ್ಟ್ರು.”

“ಒಬ್ಳೇನಾ?”

“ಒಬ್ಳೇ.”

ನವ್ಯಶ್ರೀ ಅಪ್ಪನ ಕಡೆ ತಿರುಗಿದಳು. “ನಂಗೆ ಇವಳೊಬ್ಳೇ ಸಾಕು. ಮದ್ವೇನೂ ಬ್ಯಾಡ ಕಣಪ್ಪ. ತೋಟ ನಾನೇ ನೋಡ್ಕೋತೀನಿ. ಇನ್ನೂ ಟೈಮ್ ಐತೆ, ಬ್ಯಾಡ ಅಂದ್ಬುಡು.”

“ಸುಮ್ಕಿರವ್ವ! ಚಪ್ಪರ ಹಾಕ್ತಾವ್ರೆ, ಊರಿಗೆಲ್ಲ ಪತ್ರಿಕೆ ಹಂಚಾಗೈತೆ. ಜನದ ಮುಂದೆ ನನ್ ಮಾನ ಕಳೀಬ್ಯಾಡ” ಎಂದು ಗದರಿದವನು, ಅವಳ ಕಣ್ಣು ತುಂಬಿದ್ದು ಕಂಡು ಮೆತ್ತಗಾದ. ಮಗಳೆಂದರೆ ಅವನಿಗೆ ಪ್ರಾಣ, ಅದರಲ್ಲಿ ಸುಳ್ಳಿಲ್ಲ. “ಆಸೆ ಪಟ್ಟವ್ಳೆ ಪಾಪ. ಇದನ್ನೇ ಕೊಡಮ್ಮ. ಇದಕ್ಕೊಂದು ರಾಜನ್ನ ಮಾಡ್ಕೊಡು, ಕಾಯ್ತೀವಿ.”

“ಆಗಲ್ಲ ಅನ್ನಕ್ಕ” ಎಂದು ನವ್ಯಶ್ರೀ ಮುನವ್ವರಾಳ ಕೈ ಹಿಡಿದಳು.

ಮುನವ್ವರಾಗೂ ಹಾಗೆ ಅಂದುಬಿಡಬೇಕು ಅನ್ನಿಸಿತು. ಆದರೆ ಹೊರಗೆ ಬಾಗಿಲ ಮೇಲಿನ ಬೋರ್ಡಿನಲ್ಲಿ ಇದ್ದದ್ದು ಗಂಡ ನಜೀರನ ಹೆಸರು, ನಜೀರನ ಫೋಟೋ. ಅವನು ಉಳಿ ಹಿಡಿದು ಯಾವ ಕಾಲವಾಯಿತೋ! ಅದನ್ನೇ ಒಂದು ದಿನವೂ ಕೇಳದವಳು ಇನ್ನೊಬ್ಬಳ ಅಪ್ಪನಿಗೆ ಏನು ಹೇಳಿಯಾಳು? ಕೈ ಬಿಡಿಸಿಕೊಂಡು, ಒಣಗಿದ ಹಾಲೆ ಮರದ ತುಂಡೊಂದನ್ನು ಮೆಷಿನ್ನಿಗೆ ಸಿಕ್ಕಿಸಿದಳು.

ರಾಜ ಬಂದ. ಕೆಂಪು ಅರಗಿನ ಬಣ್ಣದ ಅಂಗಿ, ಕಪ್ಪು ಮೀಸೆ. ಆದರೆ ಜೋಡಿಸಿಟ್ಟು ನೋಡಿದರೆ ರಾಣಿಯ ಹಳದಿ ಕಿರೀಟ ಅವನ ತಲೆಗಿಂತ ಮೇಲಿತ್ತು.

“ಥೂ, ಇದೇನಮ್ಮ! ಅವಳ ಮಗ ಇದ್ದಂಗವ್ನೆ. ರಾಜ ಎತ್ತರ ಇರ್ಬೇಕು ತಾನೆ?”

“ಒಣಗಿದ ಮರ ಇದ್ದಿದ್ದೇ ಇಷ್ಟುದ್ದ ಅಣ್ಣ. ಹಸಿ ಮರದಲ್ಲಿ ಮಾಡಿದ್ರೆ ನಾಳೆ ಸೀಳು ಬಿಡ್ತದೆ.”

“ಹಂಗಾದ್ರೆ ಇವಳನ್ನೇ ಒಸಿ ಕಡಿಮೆ ಮಾಡು. ಮನೇಲಿ ಕೂರೋ ಬೊಂಬೆಗೆ ಅಷ್ಟುದ್ದ ಕಿರೀಟ ಯಾಕೆ? ಕೆತ್ತಾಕು ಅತ್ಲಾಗೆ.”

ನವ್ಯಶ್ರೀ ಬೊಂಬೆಯನ್ನು ಎದೆಗೆ ಅವಚಿಕೊಂಡಳು. ದೇವರಾಜು ನಗುನಗುತ್ತಲೇ, ಹಠ ಮಾಡುವ ಕೂಸಿನ ಕೈಯಿಂದ ಬಿಡಿಸಿಕೊಳ್ಳುವಂತೆ ಬಿಡಿಸಿಕೊಂಡು ಮುನವ್ವರಾಳಿಗೆ ಕೊಟ್ಟ. ಅವಳು ಯಾರ ಮುಖವನ್ನೂ ನೋಡದೆ ರಾಣಿಯನ್ನು ಮೆಷಿನ್ನಿಗೆ ಹಾಕಿ ಉಳಿ ಒತ್ತಿದಳು. ಹಳದಿ ಅರಗು ಪುಡಿಪುಡಿಯಾಗಿ ಅವಳ ಮಡಿಲಿಗೆ ಉದುರಿ, ಒಳಗಿನ ಬಿಳಿ ಮರ ಕಂಡಿತು. ಬೋಳಾದ ತಲೆಗೆ ಕರಿ ಅರಗು ಒತ್ತಿ ಕರಗಿಸಿ ಹಚ್ಚಿ, ಕೂದಲು ಮಾಡಿ ಕೊಟ್ಟಳು.

ದೇವರಾಜು ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ರಾಜ ಈಗ ರಾಣಿಗಿಂತ ಬೆರಳಗಲ ಎತ್ತರವಿದ್ದ.

“ಜೋಡಿ ಅಂದ್ರೆ ಇದಪ್ಪ! ಖುಷಿಯಾಯ್ತಾ ಮಗಾ?”

ನವ್ಯಶ್ರೀ ರಾಣಿಯ ತಲೆಯ ಮೇಲೆ ಬೆರಳಾಡಿಸಿದಳು. ಅರಗು ಇನ್ನೂ ಬಿಸಿಯಾಗಿತ್ತು.

“ಇಷ್ಟು ಸಾಕಾ ಅಪ್ಪ, ಇಲ್ಲ ಇನ್ನೊಸಿ ಕೆತ್ತಿಸ್ಬೇಕಾ?”