ನೀಲವ್ವ ಹೊರಗೆ ಬರುವ ಸುಂಟರಗಾಳಿ

ಬರಲಿರುವ ಸುಂಟರಗಾಳಿಯನ್ನು ಒಂದು ತಾಸು ಮೊದಲೇ ಕಂಪ್ಯೂಟರಿನಲ್ಲಿ ಬೀಸಿಸಿ ನೋಡಿ, ಅದರಲ್ಲಿ ಸಾಯುವವರಿಗೆ ಫೋನ್ ಮಾಡುವುದು ನನ್ನ ಕೆಲಸ. ಇವತ್ತು ಎಷ್ಟು ಸಲ ಬೀಸಿಸಿದರೂ ಪಕ್ಕದ ಊರಿನ ನೀಲವ್ವ ನೆಲಮಾಳಿಗೆಯಿಂದ ಹೊರಗೋಡಿ ಸಾಯುತ್ತಿದ್ದಳು.

“ಯಾಕವ್ವಾ ಹೊರಗ ಬರ್ತೀರಿ?” ಎಂದು ಫೋನ್ ಮಾಡಿ ಕೇಳಿದೆ.

“ಇಷ್ಟೆಲ್ಲಾ ಕಾಣೋ ಕಂಪ್ಯೂಟರಿಗೆ ಬಾಜೂ ಮನಿ ಶಾಂತಕ್ಕ ಕಾಣಲಿಲ್ಲೇನೋ ತಮ್ಮಾ? ಆಕಿಗೆ ಹಾಸಿಗಿ ಬಿಟ್ಟು ಏಳಾಕ ಆಗಂಗಿಲ್ಲ. ನನಗ ಒಬ್ಬಾಕಿಗೆ ಎತ್ತಾಕ ಆಗವಲ್ದು. ಹಂಗಂತ ಬಿಟ್ಟು ಕುಂದರಲೇನು?”

“ಬ್ಯಾಡ್ರಿ. ನಾನೇ ಬಂದು ಎತ್ಕೊಂಡು ಬರ್ತೀನಿ. ನೀವು ಒಳಗ ಇರ್ರಿ.”

ಮಾತು ಕೊಟ್ಟು ಮತ್ತೊಮ್ಮೆ ಬೀಸಿಸಿದೆ. ಈ ಸಲ ನೀಲವ್ವ ನೆಲಮಾಳಿಗೆಯಲ್ಲೇ ಕುಳಿತಿದ್ದಳು. ನನ್ನ ಅಂಗಿ ತೊಟ್ಟವನೊಬ್ಬ ಶಾಂತಕ್ಕನ ಮನೆಯೊಳಗೆ ಓಡಿದ. ಅವನು ಹೊರಗೆ ಬರುತ್ತಾನೋ ಇಲ್ಲವೋ, ನೋಡಲು ಧೈರ್ಯ ಸಾಲಲಿಲ್ಲ. ಪರದೆ ಆರಿಸಿ, ಬೈಕಿನ ಕೀಲಿ ತೆಗೆದುಕೊಂಡೆ.